ಪಂಪು ಹಾಡುತ್ತಿದೆ

ಸೀಮೆಎಣ್ಣೆಯ ಟ್ರೇಯಲ್ಲಿ ಮುಳುಗಿದ್ದ ಬೋಲ್ಟುಗಳನ್ನು ಮೂಗಿ ಒಂದೊಂದಾಗಿ ಎತ್ತುತ್ತಿದ್ದಳು. ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಸುತ್ತುಗಳೊಳಗಿನ ಜಿಡ್ಡು ತಿಕ್ಕುವುದು, ಬೆಳಕಿಗೆ ಹಿಡಿದು ನೋಡುವುದು, ಹಾಸಿದ್ದ ಗೋಣಿಯ ಮೇಲೆ ಸಾಲಾಗಿ ಇಡುವುದು. ದೊಡ್ಡವು ಒಂದು ಕಡೆ, ಚಿಕ್ಕವು ಇನ್ನೊಂದು ಕಡೆ. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಅವಳ ಬೆನ್ನ ಹಿಂದೆ ಅಪ್ಪ ಯಾವುದೋ ಗಾಡಿಯ ಚಕ್ರ ಬಿಚ್ಚುತ್ತಿದ್ದ. ಅವನೂ ಮಾತಾಡುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಅಪ್ಪ ಮಗಳ ನಡುವೆ ಒಂದು ಮಾತೂ ಓಡಾಡಿರಲಿಲ್ಲ. ಬೆಳಗ್ಗೆ ಅಪ್ಪನ ಊಟದ ಡಬ್ಬಿಯನ್ನು ಕೂಡ ಅವಳು ಅತ್ತೆಯ ಕೈಯಿಂದಲೇ ಕೊಡಿಸಿದ್ದಳು.

ಗ್ಯಾರೇಜಿನಲ್ಲಿ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಮೂಗಿ ಮಾತಾಡದೆ ಇದ್ದರೆ ಅದೂ ಒಂದು ಸುದ್ದಿಯೇ? ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಅವಳ ನಾಲಿಗೆ ಮೇಲಂಗಳಕ್ಕೆ ಅಂಟಿಕೊಳ್ಳುತ್ತಿತ್ತು. ಒಂದು ದಿನ ಪುಸ್ತಕದ ಚೀಲವನ್ನು ಮೂಲೆಗಿಟ್ಟು ಅಪ್ಪನ ಹಿಂದೆ ಗ್ಯಾರೇಜಿಗೆ ಬಂದಳು. ಮಾರನೆಯ ದಿನವೂ ಬಂದಳು. ಆಮೇಲೆ ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ. ಮೂಗಿ ಎಂದು ಹೆಸರಿಟ್ಟವಳು ಅತ್ತೆ, ಅಪ್ಪನ ಅಕ್ಕ. ಬಾಗಿಲ ಹತ್ತಿರ ಸ್ಟವ್ ಇಟ್ಟುಕೊಂಡು ಇಡೀ ಬೀದಿಗೆ ಚಹಾ ಕಾಸಿ ಕೊಡುತ್ತಿದ್ದ ಆಕೆಗೆ ತಮ್ಮನ ಪಾಲಿನ ಮಾತೂ ಅವನ ಮಗಳ ಪಾಲಿನ ಮಾತೂ ಸೇರಿಯೇ ಬಂದಿದ್ದವು.

ನಿನ್ನೆ ಲೈಸೆನ್ಸ್ ಪರೀಕ್ಷೆ ಇತ್ತು. ಮೂಗಿ ನೇರಕ್ಕೆ ಓಡಿಸಿದಳು, ಹಿಂದಕ್ಕೆ ಓಡಿಸಿದಳು, ಕಂಬಗಳ ನಡುವೆ ಹಾವಿನಂತೆ ತಿರುಗಿಸಿ ತಂದಳು. ಕೊನೆಗೆ ಉಳಿದದ್ದು ಏರು ಒಂದೇ. ಏರಿನ ಅರ್ಧಕ್ಕೆ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಅವಳು ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಟ್ಟಳು, ಆಕ್ಸಿಲರೇಟರ್ ಒತ್ತಿದಳು. ಎಂಜಿನ್ನು ಏದುಸಿರು ಬಿಟ್ಟ ಹಾಗೆ ಎರಡು ಸಲ ತಡವರಿಸಿತು. ಸತ್ತಿತು. ಮತ್ತೆ ಕೀ ತಿರುಗಿಸಿದರೆ ಬಹಳ ಹೊತ್ತು ಕೊರಕೊರ ಎಂದು ಆಮೇಲೆ ಹತ್ತಿಕೊಂಡಿತು, ಮತ್ತೆ ಸತ್ತಿತು. ಇನ್‌ಸ್ಪೆಕ್ಟರು ಕಿಟಕಿಯ ಹೊರಗೆ ನೋಡುತ್ತಾ, "ಇಳಿಯಮ್ಮ, ಮುಂದಿನೋರು ಬರ್ಲಿ," ಎಂದರು.

ಈ ಲೈಸೆನ್ಸಿಗೆ ಅವಳು ಯಾಕೆ ಇಷ್ಟು ಜೀವ ತೇಯುತ್ತಿದ್ದಳು ಎಂದರೆ, ಗ್ಯಾರೇಜಿನ ಹಿಂದೆ ಒಂದು ಎಳೆಯುವ ಗಾಡಿ ನಿಂತಿತ್ತು. ದಾರಿಯಲ್ಲಿ ಕೆಟ್ಟು ನಿಂತ ಕಾರುಗಳನ್ನು ಕೊಕ್ಕೆ ಹಾಕಿ ಎಳೆದು ತರುವ ಹಳೆಯ ಪಿಕಪ್ಪು. ಮೊದಲು ಅಪ್ಪನೇ ಓಡಿಸುತ್ತಿದ್ದ. ಈಚೆಗೆ ಮಂಡಿ ನೋವು ಎಂದು ಬಿಟ್ಟಿದ್ದ. ಅದು ನಿಂತಲ್ಲೇ ನಿಂತು ಟೈರು ಕೂತು ಹೋಗಿತ್ತು. "ಲೈಸೆನ್ಸ್ ತಗೊಂಡು ಬಾ, ಗಾಡಿ ನಿನ್ನ ಕೈಗೆ," ಎಂದು ಅಪ್ಪನೇ ಒಂದು ದಿನ ಬಾಯಿಬಿಟ್ಟು ಹೇಳಿದ್ದ. ಅವತ್ತಿನಿಂದ ಮೂಗಿ ರಾತ್ರಿ ಮಲಗುವಾಗಲೂ ಕಾಲಲ್ಲಿ ಕ್ಲಚ್ಚು ಒತ್ತುತ್ತಿದ್ದಳು. ಸೀಮೆಎಣ್ಣೆ ಟ್ರೇಯಿಂದ ಎದ್ದು, ಕೆಟ್ಟ ಗಾಡಿ ಎಲ್ಲಿದೆಯೋ ಅಲ್ಲಿಗೆ ತಾನೇ ಹೋಗಬಹುದು. ಹೋಗಿ, ಬಾನೆಟ್ ಎತ್ತಿ, ಮೊದಲು ತಾನೇ ನೋಡಬಹುದು.

ನಿನ್ನೆ ಪರೀಕ್ಷೆ ಮುಗಿಸಿ ಬಂದು ಏರಿನಲ್ಲಿ ಗಾಡಿ ಸತ್ತಿತು ಎಂದಾಗ ಅಪ್ಪ ತಲೆಯೆತ್ತದೆ ಹೇಳಿದ್ದು ಇಷ್ಟೇ: "ಗಾಡಿ ಸಾಯಲ್ಲ. ಕಾಲು ನಡುಗಿದೆ."

ಪರೀಕ್ಷೆಗೆ ಓಡಿಸಿದ್ದು ಬ್ರೇಕ್ ಮೇಡಂ ಕಾರು. ಡ್ರೈವಿಂಗ್ ಕಲಿಸುವ ಆಕೆಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಕಲಿಯುವವರ ಪಕ್ಕದ ಸೀಟಿನ ಕೆಳಗೆ ಆಕೆಗೆಂದೇ ಇನ್ನೊಂದು ಬ್ರೇಕ್ ಇತ್ತು. ಅದರ ಮೇಲಿಂದ ಆಕೆ ಕಾಲು ತೆಗೆದದ್ದನ್ನು ಕಂಡವರಿಲ್ಲ. ಎರಡು ಬ್ರೇಕಿನ ಆ ಒಂದೇ ಕಾರಿನಲ್ಲಿ ಅರ್ಧ ಊರು ಗಾಡಿ ಕಲಿತಿತ್ತು. ಹಾಗಾಗಿ ಅದು ಎಷ್ಟು ಸಲ ಸತ್ತರೂ ಕಲಿಯುವವರ ಲೆಕ್ಕಕ್ಕೇ ಹೋಗುತ್ತಿತ್ತು. ಸೇತುವೆಯ ಏರಿನಲ್ಲಿ ಒಬ್ಬ ಬೇಕರಿಯವನ ಕೈಯಲ್ಲಿ ಸತ್ತಿತು; ಅವನಿಗೆ ಭಯ ಜಾಸ್ತಿ ಎಂದರು. ಒಬ್ಬಳು ಟೈಲರ್ ಕೈಯಲ್ಲಿ ಸತ್ತಿತು. ಅವಳಿಗೆ ಹೊಲಿಗೆ ಮಿಷಿನ್ನೇ ಸರಿ ಎಂದರು. ಹೀಗೆ ನಗುತ್ತಾ ಇರುವಾಗಲೇ ಒಂದು ದಿನ ಮೇಡಂ ಕಾರನ್ನು ಗ್ಯಾರೇಜಿಗೆ ತಂದು ಬಿಟ್ಟಿದ್ದರು. ಅದು ಕಳೆದ ವಾರದ ಮಾತು.

ಅವತ್ತು ನಡೆದದ್ದನ್ನು ಮೂಗಿ ಕಣ್ಣಾರೆ ನೋಡಿದ್ದಳು.

ಅಪ್ಪನ ಕೆಲಸದ ರೀತಿಯೇ ಬೇರೆ. ಪೆಟ್ರೋಲು ಎಂಜಿನ್ನಿಗೆ ಸರಿಯಾಗಿ ಏರುತ್ತಿಲ್ಲ ಎಂಬ ಗುಮಾನಿ ಬಂದರೆ ಬೇರೆ ಕಡೆ ಗಡಿಯಾರದಂತಹ ಮುಖದ ಗೇಜು ಹಾಕಿ ಒತ್ತಡ ಅಳೆಯುತ್ತಾರೆ. ಅಪ್ಪ ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಪೆಟ್ರೋಲ್ ಟ್ಯಾಂಕಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ಟ್ಯಾಂಕಿನೊಳಗಿನ ಪಂಪು ಸಣ್ಣಗೆ ಗುಯ್‌ಗುಡುವ ಸದ್ದು ಕಬ್ಬಿಣದ ಮೂಲಕ ಏರಿ ಬಂದು ಅವನ ತಲೆಯೊಳಗೆ ಕೂರುತ್ತಿತ್ತು. "ಹಾಡ್ತಿದೆ" ಎಂದರೆ ಪಂಪು ಸರಿ. "ಹಾಡ್ತಿಲ್ಲ" ಎಂದರೆ ಹೊಸದು ಹಾಕು. ಅದರ ಮೇಲೆ ಅಪೀಲಿಲ್ಲ. ಮೂಗಿ ಚಿಕ್ಕವಳಿದ್ದಾಗ ಅಪ್ಪ ಊಟದ ತಟ್ಟೆಯ ಮುಂದೆ ಕೂತು, ಬೀದಿಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಯಾರ ಕಾರು, ಅದರಲ್ಲಿ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದ. ಅವಳು ಓಡಿಹೋಗಿ ನೋಡಿ ಬಂದು ಹೌದೆಂದು ತಲೆಯಾಡಿಸುತ್ತಿದ್ದಳು. ಅಂಥ ಕಿವಿ ಅದು.

ಆ ಕಿವಿ ಮಂದವಾಗುತ್ತಿದೆ ಎಂದು ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಡುತ್ತಿರಲಿಲ್ಲ. ಅತ್ತೆ ತಮ್ಮನನ್ನು ಕರೆಯುವಾಗ ಲೋಟದಿಂದ ಮೇಜು ಕುಟ್ಟುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಅಪ್ಪನ ಬಲಗೈ ಬಂಟ ಉದ್ದಣ್ಣ ಇನ್ನೊಂದು ದಾರಿ ಹುಡುಕಿದ್ದ. ಆರಡಿ ಮೇಲೆ ಬೆಳೆದ ಆ ಮನುಷ್ಯ ಅಪ್ಪ ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಒರಗಿದ ಕೂಡಲೇ ಗೋಡೆಯ ಮೊಳೆಗೆ ನೇತುಹಾಕಿದ್ದ ಗೇಜನ್ನು ಇಳಿಸುತ್ತಿದ್ದ. ಗುಟ್ಟಾಗಿ ಅಳೆದು, ಗುಟ್ಟಾಗಿ ವಾಪಸ್ ನೇತುಹಾಕುತ್ತಿದ್ದ. ಅಪ್ಪ ಎದ್ದು ಬಂದು ಸ್ಕ್ರೂಡ್ರೈವರ್ ಕಿವಿಗಿಡುವಾಗ, "ಏನು ಮೇಸ್ತ್ರಿ, ಹಾಡ್ತಿಲ್ಲ ಅನ್ಸುತ್ತೆ ಅಲ್ವಾ?" ಎಂದು ಜೋರಾಗಿ ಕೇಳುತ್ತಿದ್ದ. ಅಪ್ಪ ಹೂಂ ಎನ್ನುತ್ತಿದ್ದ. ಟ್ರೇಯ ಮುಂದೆ ಕೂತು ಮೂಗಿ ಇದನ್ನೆಲ್ಲ ಎಷ್ಟು ಸಲ ನೋಡಿದ್ದಳೆಂದರೆ, ಗೇಜಿನ ಯಾವ ನಟ್ಟು ಯಾವ ಕಡೆಗೆ ತಿರುಗುತ್ತದೆ ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ಯಾರೂ ಇಲ್ಲದಾಗ ಒಂದೆರಡು ಸಲ ಹಾಕಿಯೂ ನೋಡಿದ್ದಳು.

ಮೇಡಂ ಕಾರು ಬಂದ ದಿನ ಮಾತ್ರ ಈ ನಾಟಕಕ್ಕೆ ಸಮಯ ಸಿಗಲಿಲ್ಲ. ಅಪ್ಪ ಒರಗಿರಲಿಲ್ಲ. ನೇರವಾಗಿ ಸ್ಕ್ರೂಡ್ರೈವರ್ ಊರಿ, "ಹಾಡ್ತಿಲ್ಲ," ಎಂದ. ಪಂಪು ಚೆನ್ನಾಗಿಯೇ ಗುಯ್‌ಗುಡುತ್ತಿತ್ತು, ಮೂಗಿಗೆ ಟ್ರೇಯ ಹತ್ತಿರಕ್ಕೇ ಕೇಳುತ್ತಿತ್ತು. ಸ್ವಲ್ಪ ಸೋತ ದನಿ, ಆದರೆ ಹಾಡು ಹಾಡೇ. ಅಪ್ಪ ಟ್ಯಾಂಕನ್ನು ಕೆಳಗಿನಿಂದಲೇ ಇಳಿಸಿ ಹೊಸ ಪಂಪು, ಹೊಸ ಫಿಲ್ಟರ್ ಹಾಕಿದ. ಹಾಕಿ, "ಲೋ ಉದ್ದಾ, ಕೀ ಆನ್ ಮಾಡು," ಎಂದು ಮತ್ತೆ ಟ್ಯಾಂಕಿನ ಕೆಳಗೆ ತೂರಿದ. ಉದ್ದಣ್ಣ ನೀರು ಕುಡಿಯಲು ಒಳಗೆ ಹೋಗಿದ್ದ. ಕೀ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿತ್ತು. ಕಾರಿನಲ್ಲಿ ಯಾರೂ ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಒಂದು ಕಿವಿಗೆ ಒತ್ತಿದ, ಇನ್ನೊಂದು ಕಿವಿಗೆ ಒತ್ತಿದ, ತುದಿಯನ್ನು ಅಲ್ಲಿಂದ ಇಲ್ಲಿಗೆ ಸರಿಸಿದ. ಕೊನೆಗೆ ದೊಡ್ಡ ದನಿಯಲ್ಲಿ ಹೇಳಿದ: "ಹಾ. ಹಾಡ್ತಿದೆ."

ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದ ಉದ್ದಣ್ಣ ನಿಂತಲ್ಲೇ ನಿಂತ. ಅವನ ಕಣ್ಣು ಡ್ಯಾಶ್‌ಬೋರ್ಡಿನ ಮೇಲಿನ ಕೀ ಕಡೆಗೆ ಹೋಯಿತು, ಅಲ್ಲಿಂದ ಮೂಗಿಯ ಕಡೆಗೆ ಬಂತು. ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ತಲೆ ಬಗ್ಗಿಸಿದರು.

ಇದನ್ನೇ ಅವಳು ಈಗ ಬೋಲ್ಟುಗಳ ಜೊತೆ ತಿಕ್ಕುತ್ತಿದ್ದಳು. ಆಡಿದರೆ ಅಪ್ಪನ ಮರ್ಯಾದೆ. ಆಡದಿದ್ದರೆ ತಪ್ಪು ತನ್ನ ಕಾಲಿನ ಮೇಲೆ.

ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಬ್ರೇಕ್ ಮೇಡಂ ಇಳಿದು, ಕನ್ನಡಕವನ್ನು ತಲೆಗೇರಿಸಿ, ಅತ್ತೆಯ ಮುಂದಿನ ಬೆಂಚಿನಲ್ಲಿ ಕೂತರು.

"ಅಕ್ಕಾ, ಸ್ವಲ್ಪ ಗಟ್ಟಿಯಾಗಿ ಒಂದು ಚಹಾ. ನಿಮ್ಮ ಹುಡುಗಿ ನಿನ್ನೆ ನನ್ನ ಮಾನ ತೆಗೆದಳು."

"ಮಾತಾಡದೇನೇ ತೆಗೆದಳಾ?" ಎಂದಳು ಅತ್ತೆ. "ಪರವಾಗಿಲ್ವೇ."

ಮೇಡಂ ನಕ್ಕು ಅಪ್ಪನ ಕಡೆಗೆ ತಿರುಗಿ ದನಿ ಏರಿಸಿದರು. "ಮೇಸ್ತ್ರಿಗಳೇ, ಒಂದು ಮಾತು ನೇರವಾಗಿ ಹೇಳಿಬಿಡಿ. ನಾಳೆ ಪರೀಕ್ಷೆಗೆ ನನ್ನ ಕಡೆಯಿಂದ ಒಬ್ಬರಿಗೇ ಜಾಗ ಇರೋದು. ಇವಳನ್ನ ಕರ್ಕೊಂಡು ಹೋಗಲಾ, ಬೇಕರಿಯವನನ್ನಾ? ಗಾಡಿದೇ ತಪ್ಪಾದ್ರೆ ಇವಳಿಗೆ ಇನ್ನೊಂದು ಸಲ ಕೊಡ್ತೀನಿ. ಕಾಲಿಂದೇ ತಪ್ಪಾದ್ರೆ ಇನ್ನೂ ಆರು ತಿಂಗಳು ಕಲೀಲಿ. ನನ್ನ ಬೋರ್ಡಿಗೂ ಒಂದು ಹೆಸರಿದೆ."

ಅಪ್ಪ ಚಕ್ರವನ್ನು ಗೋಡೆಗೆ ಒರಗಿಸಿದ. ಕೈ ಒರೆಸಿಕೊಂಡ. "ಗಾಡಿ ಚಿನ್ನ ಇದ್ದ ಹಾಗಿದೆ ಮೇಡಂ. ನಾನೇ ಕಿವಿಕೊಟ್ಟು ಕೇಳಿದೀನಿ. ಬೇಕರಿಯವನನ್ನೇ ಕರ್ಕೊಂಡು ಹೋಗಿ."

"ಇವಳು?"

"ಇವಳಿಗೆ ಇಲ್ಲೇ ಬೇಕಾದಷ್ಟು ಕೆಲಸ ಇದೆ. ಒಂದು ಸಲ ನೋಡಾಯ್ತಲ್ಲ."

ಅದನ್ನು ಅವನು ಸಿಟ್ಟಿನಿಂದ ಹೇಳಿರಲಿಲ್ಲ. ಮಳೆ ಬರಬಹುದು ಎಂದು ಹೇಳುವವರ ಹಾಗೆ ಹೇಳಿದ್ದ. ಮೂಗಿಯ ಕೈಯಲ್ಲಿದ್ದ ಬೋಲ್ಟು ಟ್ರೇಯೊಳಗೆ ಜಾರಿತು. ಸೀಮೆಎಣ್ಣೆ ಅವಳ ಮುಂಗೈ ಮೇಲೆ ಸಿಡಿಯಿತು.

ಅವಳು ಎದ್ದಳು. ಕೈ ಒರೆಸಿಕೊಂಡಳು. ಮೇಡಂ ಮುಂದೆ ಹೋಗಿ ಅಂಗೈ ಚಾಚಿದಳು. 

"ಕೀ ಕೊಡಿ," ಎಂದಳು.

ಬೇರೆ ಯಾರಾದರೂ ಹಾಗೆ ಕೇಳಿದ್ದರೆ ಮೇಡಂ ಯಾಕೆ, ಏನು ಎಂದು ನೂರು ಪ್ರಶ್ನೆ ಹಾಕುತ್ತಿದ್ದರೋ ಏನೋ. ಈ ಹುಡುಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದೇ ಮೊದಲು. ಸುಮ್ಮನೆ ಕೊಟ್ಟುಬಿಟ್ಟರು.

ಮೂಗಿ ಗೋಡೆಯ ಹತ್ತಿರ ಹೋಗಿ, ಮೊಳೆಯಿಂದ ಗೇಜನ್ನು ಇಳಿಸಿದಳು. ಅಪ್ಪ ಎಚ್ಚರವಾಗಿರುವಾಗ, ಹಗಲು ಬೆಳಕಿನಲ್ಲಿ, ಅವನ ಕಣ್ಣ ಮುಂದೆ. ಉದ್ದಣ್ಣ ಕೆಮ್ಮಿದ.

"ಆ ಗಡಿಯಾರ ಅಲ್ಲೇ ಇಡು," ಎಂದ ಅಪ್ಪ.

ಅವಳು ಇಡಲಿಲ್ಲ. ಬಾನೆಟ್ ಎತ್ತಿ ಕೋಲು ಕೊಟ್ಟಳು.

"ಏನೇ, ಕಿವಿ ಕೇಳಲ್ವಾ ನಿಂಗೆ?" ಎಂದ ಅಪ್ಪ.

ಉದ್ದಣ್ಣ ಚಾವಣಿಯನ್ನು ನೋಡಿದ. ಅತ್ತೆ ಚಹಾ ಸೋಸುವುದನ್ನು ನಿಲ್ಲಿಸಿದಳು. ಮೂಗಿ ಮಾತ್ರ ತಲೆ ಬಗ್ಗಿಸಿಕೊಂಡೇ ಹೇಳಿದಳು, "ಅತ್ತೆ, ಸ್ಟವ್ ಆರಿಸು. ಪೆಟ್ರೋಲ್ ಪೈಪು ಬಿಚ್ತೀನಿ."

"ನೋಡ್ರಪ್ಪಾ," ಎಂದಳು ಅತ್ತೆ, "ಇಷ್ಟು ವರ್ಷಕ್ಕೆ ಬಾಯಿ ಬಂತು. ಬಂದ ಕೂಡ್ಲೆ ನನ್ನ ಒಲೆಗೇ ಕೈ ಹಾಕಿತು." ಹಾಗೆ ಅನ್ನುತ್ತಲೇ ಸ್ಟವ್ವಿನ ತಿರುಗಣೆ ತಿರುಗಿಸಿದಳು.

ಮೂಗಿ ಪಂಪಿನ ಫ್ಯೂಸ್ ಕಿತ್ತಳು. ಎಂಜಿನ್ ಸ್ಟಾರ್ಟ್ ಮಾಡಿ, ಕೊಳವೆಯಲ್ಲಿ ಉಳಿದಿದ್ದ ಪೆಟ್ರೋಲನ್ನು ಅದು ತಾನೇ ಕುಡಿದು ಸಾಯುವವರೆಗೆ ಬಿಟ್ಟಳು. ಹೀಗೆ ಒತ್ತಡ ಇಳಿಸದೆ ಬಿಚ್ಚಿದರೆ ಪೆಟ್ರೋಲು ಮುಖಕ್ಕೆ ಚಿಮ್ಮುತ್ತದೆ. ಉದ್ದಣ್ಣನಿಗೆ ಒಂದು ಸಲ ಚಿಮ್ಮಿದ್ದನ್ನು ಅವಳು ನೋಡಿದ್ದಳು. ಬಟ್ಟೆ ಸುತ್ತಿ ಕೊಳವೆ ಬಿಚ್ಚಿದಳು. ನಡುವೆ ಗೇಜು ಸೇರಿಸಿ ಬಿಗಿದಳು. ಫ್ಯೂಸ್ ಮರಳಿ ಹಾಕಿದಳು. ಅಪ್ಪ ಕೈಕಟ್ಟಿಕೊಂಡು ನೋಡುತ್ತಿದ್ದ. ಬಂದು ಕೈಯಿಂದ ಕಿತ್ತುಕೊಳ್ಳುತ್ತಾನೆ ಎಂದು ಅವಳು ಕಾದಿದ್ದಳು. ಅವನು ಬರಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಮಾಡ್ಲಿ ಬಿಡಿ ಮೇಡಂ," ಎಂದ. "ಗಡಿಯಾರ ನೋಡಿದ ಮಾತ್ರಕ್ಕೆ ಗಾಡಿ ರಿಪೇರಿ ಆಗೋದಾದ್ರೆ ಗಡಿಯಾರದ ಅಂಗಡಿಯೋನೇ ಗ್ಯಾರೇಜು ಇಡ್ತಿದ್ದ."

ಮೂಗಿ ಸ್ಟಾರ್ಟ್ ಮಾಡಿದಳು. ಎಂಜಿನ್ನು ಕೊರಕೊರ ಎಂದು ಹತ್ತಿಕೊಂಡಿತು. ಗೇಜಿನ ಮುಳ್ಳು ಏರಿ ಎರಡರ ಹತ್ತಿರ ನಿಂತಿತು. ಈ ಕಾರಿಗೆ ಅದು ಮೂರರ ಆಚೆ ಇರಬೇಕು. ಮೂಗಿ ಕೈಯಿಂದಲೇ ಆಕ್ಸಿಲರೇಟರ್ ತಂತಿ ಎಳೆದಳು. ಎಂಜಿನ್ನು ಕೂಗಿದಷ್ಟೂ ಮುಳ್ಳು ಕೆಳಗಿಳಿಯಿತು.

"ನೋಡಿ," ಎಂದಳು ಮೇಡಂಗೆ. "ಏರಿನಲ್ಲಿ ಹೀಗೇ ಆಗಿದ್ದು. ಕಾಲು ಒತ್ತಿದ್ರೆ ಪೆಟ್ರೋಲ್ ಬರಬೇಕಲ್ಲ. ಬರ್ತಿಲ್ಲ."

ಮೇಡಂ ಎದ್ದು ಬಂದು ಕನ್ನಡಕ ಇಳಿಸಿಕೊಂಡು ಬಗ್ಗಿದರು. ಅಪ್ಪ ದೂರದಿಂದಲೇ ಹೇಳಿದ, "ಹೊಸ ಪಂಪು ಅದು. ಹೊಸ ಫಿಲ್ಟರ್. ನಾನೇ ಹಾಕಿದ್ದು. ಆ ಗೇಜೇ ಕೆಟ್ಟಿರುತ್ತೆ."

"ಗೇಜು ಸರಿ ಇದೆ," ಎಂದಳು ಮೂಗಿ.

"ನಿಂಗೆ ಹೇಗೆ ಗೊತ್ತು? ಅದನ್ನ ಯಾರು ಮುಟ್ತಾರೆ ಇಲ್ಲಿ?"

ಅವಳು ಉದ್ದಣ್ಣನ ಕಡೆ ನೋಡಿದಳು. ಉದ್ದಣ್ಣ ತನ್ನ ಚಪ್ಪಲಿಯಲ್ಲಿ ಏನೋ ಹುಡುಕುತ್ತಿದ್ದ. ಅವಳು ಅವನನ್ನು ಬಿಟ್ಟುಕೊಡಲಿಲ್ಲ. ಟ್ಯಾಂಕಿಗೆ ಮರಳುವ ರಬ್ಬರ್ ಕೊಳವೆಗೆ ಬಟ್ಟೆ ಸುತ್ತಿ ಇಕ್ಕಳದಿಂದ ಮೆಲ್ಲಗೆ ಹಿಸುಕಿದಳು. ಒತ್ತಡ ಕಾಯುವ ವಾಲ್ವಿನಲ್ಲಿ ಸೋರಿ ವಾಪಸ್ ಹೋಗುತ್ತಿದ್ದರೆ ಈಗ ಮುಳ್ಳು ಜಿಗಿಯಬೇಕಿತ್ತು. ಚೂರು ಅಲುಗಾಡಿ ಅಲ್ಲೇ ಕೂತಿತು. ಹಾಗಾದರೆ ತೊಂದರೆ ಈ ತುದಿಯಲ್ಲಿಲ್ಲ, ಟ್ಯಾಂಕಿನ ಕಡೆಗಿದೆ. ಪಂಪು ಹೊಸದು, ಆದರೆ ಅದಕ್ಕೆ ತಿರುಗುವ ಶಕ್ತಿ ಸಾಲುತ್ತಿಲ್ಲ. ಅಂದರೆ ಕರೆಂಟು.

ಅವಳು ಹಿಂದಿನ ಸೀಟನ್ನು ಎತ್ತಲು ಹೋದಾಗ ಅದು ಜಗ್ಗಲಿಲ್ಲ. ಒಂದು ನಿಮಿಷ ಒದ್ದಾಡಿದಳು. ಪಕ್ಕದಲ್ಲಿ ಎರಡು ಉದ್ದ ಕೈಗಳು ಬಂದು ಸೀಟನ್ನು ಹೂವಿನ ಹಾಗೆ ಎತ್ತಿದವು. ಉದ್ದಣ್ಣ. ಅವನ ಮುಖದಲ್ಲಿ ಏನೂ ಇರಲಿಲ್ಲ, ಸೀಟು ಎತ್ತುವುದೊಂದೇ ತನಗೆ ಸಂಬಂಧಪಟ್ಟ ವಿಷಯ ಎನ್ನುವ ಹಾಗೆ.

"ನೀನೂನಾ?" ಎಂದ ಅಪ್ಪ.

"ಸೀಟು ಭಾರ ಇತ್ತು ಮೇಸ್ತ್ರಿ," ಎಂದ ಉದ್ದಣ್ಣ.

ಸೀಟಿನ ಕೆಳಗಿನಿಂದ ಮುಗ್ಗಲು ವಾಸನೆ ಬಂತು. ನೆಲಕ್ಕೆ ಹಾಸಿದ್ದ ಕಾರ್ಪೆಟ್ಟು ಹಿಂಡಿದರೆ ನೀರು ಬರುವಷ್ಟು ಒದ್ದೆ. ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಒಂದು ನೀರಿನ ಕ್ಯಾನು, ಅದರ ಮುಚ್ಚಳದ ಅಂಚಿನಲ್ಲಿ ಹನಿ ನಿಂತಿತ್ತು.

"ಇದು ಯಾತಕ್ಕೆ?" ಎಂದು ಅತ್ತೆ ಇಣುಕಿದಳು.

ಮೇಡಂ ಮೊದಲ ಸಲ ಸ್ವಲ್ಪ ತಡವರಿಸಿದರು. "ಅದು... ಕಲಿಯೋರು ಲಾರಿ ಎದುರು ಬಂದ್ರೆ ಬೆವರಿ ಹೋಗ್ತಾರೆ. ಕುಡಿಸೋಕೆ ಇಟ್ಕೊಂಡಿದೀನಿ. ಎಷ್ಟೋ ವರ್ಷದಿಂದ ಅಲ್ಲೇ ಇದೆ."

"ನಿಮ್ಮ ಬ್ರೇಕಿಗೆ ಅವರ ಜೀವ ಹೋಗೋದು, ನಿಮ್ಮ ನೀರಿಗೆ ಗಾಡಿ ಜೀವ ಹೋಗೋದು," ಎಂದಳು ಅತ್ತೆ.

ಮೂಗಿ ಕರೆಂಟು ಅಳೆಯುವ ಮೀಟರ್ ತಂದು, ಎಂಜಿನ್ನು ಓಡುತ್ತಿರುವಾಗಲೇ ಪಂಪಿನ ವೈರಿನ ಎರಡು ತುದಿಗೆ ಮುಟ್ಟಿಸಿದಳು. ಬ್ಯಾಟರಿಯಲ್ಲಿ ಹದಿನಾಲ್ಕು ವೋಲ್ಟಿನ ಹತ್ತಿರ ಇದ್ದದ್ದು ಇಲ್ಲಿಗೆ ಬರುವಷ್ಟರಲ್ಲಿ ಒಂಬತ್ತಾಗಿತ್ತು. ಆಮೇಲೆ ಉದ್ದದ ಒಂದು ಬಿಡಿ ವೈರನ್ನು ಬ್ಯಾಟರಿಯ ಅರ್ತ್ ತುದಿಯಿಂದ ಎಳೆದು ತಂದು ಪಂಪಿನ ಕರಿ ವೈರಿಗೆ ಮುಟ್ಟಿಸಿದಳು. ಸೀಟಿನ ಕೆಳಗಿನ ಗುಯ್‌ಗುಡುವ ದನಿ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿತು.

"ಮೂರು ದಾಟಿತು," ಎಂದು ಬಾನೆಟ್ಟಿನ ಹತ್ತಿರ ನಿಂತಿದ್ದ ಮೇಡಂ ಕೂಗಿದರು. "ತೆಗಿ... ಇಳೀತು. ಮುಟ್ಟಿಸು... ಏರಿತು. ಅಯ್ಯೋ ಇದೊಳ್ಳೆ ಆಟ."

ಒದ್ದೆ ಕಾರ್ಪೆಟ್ಟನ್ನು ಎತ್ತಿ ನೋಡಿದರೆ ಕರಿ ವೈರನ್ನು ಕಾರಿನ ಮೈಗೆ ಬಿಗಿದಿದ್ದ ಬೋಲ್ಟು ಕೆಂಪು ತುಕ್ಕಿನ ಗೆಡ್ಡೆಯಾಗಿತ್ತು. ಗಾಡಿ ತಣ್ಣಗಿದ್ದಾಗ ಅದು ಹೇಗೋ ಅಂಟಿಕೊಂಡಿರುತ್ತಿತ್ತು. ಓಡಿ ಓಡಿ ಬಿಸಿಯಾಗಿ, ಏರಿನಲ್ಲಿ ಪಂಪಿಗೆ ಜಾಸ್ತಿ ಬೇಕಾದಾಗ ಕೈಕೊಡುತ್ತಿತ್ತು. ಬೇಕರಿಯವನ ಭಯ, ಟೈಲರ್ ಮಿಷಿನ್ನು, ತನ್ನ ಕಾಲು, ಎಲ್ಲವೂ ಆ ಒಂದು ಬೋಲ್ಟಿನ ತಲೆಯ ಮೇಲಿತ್ತು. ಮೂಗಿ ಅದನ್ನು ಬಿಚ್ಚಿದಳು. ಅರ್ಧ ಪುಡಿಯಾಗಿ ಅವಳ ಅಂಗೈಗೆ ಉದುರಿತು.

ಅದನ್ನು ತಂದು ಅಪ್ಪನ ಮುಂದಿನ ಬೆಂಚಿನ ಮೇಲೆ ಇಟ್ಟಳು.

ಅಪ್ಪ ಬೋಲ್ಟನ್ನು ನೋಡಿದ. ಬೆರಳಿನಿಂದ ಆ ಕಡೆ ಈ ಕಡೆ ಹೊರಳಿಸಿದ. "ತುಕ್ಕು ಹಿಡಿದಿದೆ, ಸರಿ," ಎಂದ. "ಈ ವಾರದಲ್ಲಿ ಹಿಡಿದಿರಬೇಕು. ನಾನು ನೋಡಿದಾಗ ಪಂಪು ಸರಿಯಾಗೇ ಹಾಡ್ತಿತ್ತು."

ಅಲ್ಲಿಗೆ ಬಿಡಬಹುದಿತ್ತು. ಗಾಡಿಯದೇ ತಪ್ಪೆಂದು ಎಲ್ಲರ ಮುಂದೆ ಗೊತ್ತಾಗಿತ್ತು. ಮೇಡಂ ನಾಳೆ ಅವಳನ್ನೇ ಕರೆದುಕೊಂಡು ಹೋಗುತ್ತಿದ್ದರು. ಉದ್ದಣ್ಣ ಅವಳತ್ತ ನೋಡಿ, ಬೇಡ ಎಂಬಂತೆ ಒಂದಿಷ್ಟೇ ತಲೆಯಾಡಿಸಿದ. ಆ ತಲೆಯಾಟವನ್ನು ನೋಡಿಯೇ ಮೂಗಿಗೆ ಸಿಟ್ಟು ಬಂದದ್ದು. ಇನ್ನೊಂದು ಗಾಡಿ ಬರುತ್ತದೆ. ಅಪ್ಪ ಮತ್ತೆ ಸ್ಕ್ರೂಡ್ರೈವರ್ ಊರುತ್ತಾನೆ. ಎಲ್ಲರೂ ಸೇರಿ ಮತ್ತೆ ಅವನನ್ನು ಮಗುವಿನಂತೆ ಆಡಿಸುತ್ತಾರೆ. ಆ ಆಟದಲ್ಲಿ ಸಿಕ್ಕಿಕೊಂಡವರ ಕಾಲು ನಡುಗಿತು ಎಂದಾಗುತ್ತದೆ.

"ಅವತ್ತು ಕೀ ಹಾಕಿರಲಿಲ್ಲ ಅಪ್ಪಾ," ಎಂದಳು.

"ಏನು?"

ಅವನಿಗೆ ಕೇಳಿಸಿರಲಿಲ್ಲ. ಮೆಲ್ಲಗೆ ಹೇಳಿದ್ದು ಅವಳದೇ ತಪ್ಪು. ಅವಳು ಅವನ ಮುಖಕ್ಕೆ ಎದುರಾಗಿ ನಿಂತಳು. ಈ ಮುಖವನ್ನು ಇಷ್ಟು ನೇರವಾಗಿ ಯಾವತ್ತು ನೋಡಿದ್ದೆ ಎಂದು ನೆನಪಾಗಲಿಲ್ಲ. ದನಿ ಏರಿಸಿದಳು.

"ನೀನು ಹಾಡ್ತಿದೆ ಅಂದಾಗ ಕೀ ಡ್ಯಾಶ್‌ಬೋರ್ಡಿನ ಮೇಲಿತ್ತು. ಪಂಪು ತಿರುಗ್ತಾನೇ ಇರಲಿಲ್ಲ. ನಾನು ನೋಡಿದೆ."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅಪ್ಪನ ಕಣ್ಣು ಅವಳ ಬಾಯಿಯ ಮೇಲೆಯೇ ಇತ್ತು. ಆ ನೋಟ ಎಷ್ಟು ದಿನದಿಂದ ಹಾಗೆ ಬಾಯಿಯ ಮೇಲೆ ಕೂರುತ್ತಿದೆ ಎಂಬುದು ಅವಳಿಗೆ ಈಗ ಹೊಳೆಯಿತು. ಅವನು ಮೆಲ್ಲಗೆ ಉದ್ದಣ್ಣನ ಕಡೆ ತಿರುಗಿದ.

"ಹೌದೇನೋ?"

ಉದ್ದಣ್ಣ ಎತ್ತಿಟ್ಟಿದ್ದ ಸೀಟಿನ ಧೂಳು ಕೊಡವತೊಡಗಿದ. "ನಾನು ನೀರು ಕುಡಿಯೋಕೆ ಹೋಗಿದ್ದೆ ಮೇಸ್ತ್ರಿ," ಎಂದ.

"ಕೇಳಿದ್ದು ಅದಲ್ಲ."

"ಗ್ಲಾಸು ತೊಳೆದಿರಲಿಲ್ಲ. ತಡ ಆಯ್ತು."

ಅಪ್ಪ ನಕ್ಕ. ನಗುವಿನಂತಹ ಒಂದು ಸದ್ದು ಮೂಗಿನಿಂದ ಬಂತು, ಅಷ್ಟೇ. "ಎಲ್ಲಾ ಒಂದಾಗಿದೀರಿ," ಎಂದ. "ನನ್ನ ಕಿವಿಗೆ ಏನೂ ಆಗಿಲ್ಲ. ಈ ಕಿವಿಯಿಂದ ನಿಮ್ಮೆಲ್ಲರ ಹೊಟ್ಟೆ ತುಂಬಿದೆ. ತಿಳ್ಕೊಳ್ಳಿ."

"ತುಂಬಿದೆ," ಎಂದಳು ಮೂಗಿ. "ಇಲ್ಲ ಅಂದವರು ಯಾರು? ನನಗೆ ಕಿವಿ ಬೇಡ. ನನ್ನ ಕಾಲು ನಡುಗಲಿಲ್ಲ ಅಂತ ಹೇಳು. ಅಷ್ಟು ಸಾಕು."

ಅಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ತುದಿಯನ್ನು ಹೆಬ್ಬೆರಳಿನಿಂದ ಒರೆಸಿ, ಗೇಜು ನೇತಾಡುತ್ತಿದ್ದ ಖಾಲಿ ಮೊಳೆಯ ಕಡೆಗೆ ಒಮ್ಮೆ ನೋಡಿ, ಅದನ್ನು ಬೆಂಚಿನ ಮೇಲಿಟ್ಟು, ಎಲ್ಲರಿಗೂ ಬೆನ್ನು ಹಾಕಿ ಅಲ್ಲೇ ಕೂತ.

ಅತ್ತೆ ಅಡ್ಡ ಬಂದಳು. "ಸಾಕು ಕಣೇ. ದೊಡ್ಡವರ ಮುಂದೆ ಇಷ್ಟುದ್ದ ನಾಲಿಗೆ ಬೇಡ."

"ನೀನು ಲೋಟ ಕುಟ್ತೀಯಲ್ಲ ಅತ್ತೆ," ಎಂದಳು ಮೂಗಿ. "ನಾನು ಬಾಯಲ್ಲಿ ಹೇಳ್ದೆ. ಎರಡೂ ಒಂದೇ."

ಅತ್ತೆ ಸ್ಟವ್ ಹಚ್ಚಲು ಕಡ್ಡಿಪೆಟ್ಟಿಗೆ ಹುಡುಕಿದಳು, ಪೆಟ್ರೋಲಿನ ನೆನಪಾಗಿ ಮತ್ತೆ ಕೆಳಗಿಟ್ಟಳು.

ಮೂಗಿ ಕೆಲಸಕ್ಕೆ ಮರಳಿದಳು. ಬೋಲ್ಟಿದ್ದ ಜಾಗವನ್ನು ಉಪ್ಪುಕಾಗದದಿಂದ ಬಿಳಿ ಲೋಹ ಕಾಣುವ ತನಕ ಉಜ್ಜಿದಳು. ವೈರಿನ ತುದಿ ಕತ್ತರಿಸಿ ಹೊಸದು ಹಾಕಿದಳು. ತಾನೇ ಬೆಳಗ್ಗೆ ತೊಳೆದು ಗೋಣಿಯ ಮೇಲೆ ಇಟ್ಟಿದ್ದ ಸಾಲಿನಿಂದ ಅಳತೆಗೆ ಕೂಡುವ ಒಂದು ಬೋಲ್ಟು ಆರಿಸಿ ಬಿಗಿದಳು. ಮೇಲೆ ಗ್ರೀಸು ಸವರಿದಳು. ನೀರಿನ ಕ್ಯಾನನ್ನು ಎತ್ತಿ ಮೇಡಂ ಕೈಗೆ ಕೊಟ್ಟಳು. ಅವರು ಅದನ್ನು ಮಗುವಿನಂತೆ ಎತ್ತಿಕೊಂಡು ನಿಂತರು. ಉದ್ದಣ್ಣ ಸೀಟನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದ. ಗೇಜಿನ ಮುಳ್ಳು ಮೂರರ ಆಚೆ ಅಲುಗದೆ ನಿಂತಿತ್ತು. ಅದನ್ನು ಬಿಚ್ಚಿ, ಕೊಳವೆ ಬಿಗಿದು, ಸೋರುತ್ತಿದೆಯೇ ಎಂದು ಬೆರಳಾಡಿಸಿ ನೋಡಿ, ಗೇಜನ್ನು ಮೊಳೆಗೆ ಹಾಕಲಿಲ್ಲ. ಬೆಂಚಿನ ಮೇಲೆ, ಅಪ್ಪನ ಸ್ಕ್ರೂಡ್ರೈವರ್ ಪಕ್ಕದಲ್ಲಿ ಇಟ್ಟಳು.

"ನಾಳೆ ಬೆಳಗ್ಗೆ ಬೇಗ ಬಾ," ಎಂದರು ಮೇಡಂ. "ಬೇಕರಿಯವನಿಗೆ ನಾನೇ ಹೇಳ್ಕೋತೀನಿ. ಈಗ ನಡಿ, ಸೇತುವೆ ಏರಿಗೆ ಒಂದು ಸಲ ಹತ್ತಿಸಿ ನೋಡೋಣ. ನಾನು ಪಕ್ಕದಲ್ಲಿ ಕೂರ್ತೀನಿ."

"ನೀವು ಹಿಂದೆ ಕೂತ್ಕೊಳ್ಳಿ ಮೇಡಂ."

"ಹಿಂದೆಯಾ? ನನ್ನ ಬ್ರೇಕು?"

"ಹಿಂದೆ," ಎಂದಳು ಮೂಗಿ.

ಮೇಡಂ ಕ್ಯಾನಿನ ಸಮೇತ ಹಿಂದೆ ಹತ್ತಿದರು. ಮೂಗಿ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಪಂಪು ಒಂದು ಸಲ ಸಣ್ಣಗೆ ಹಾಡಿ ಸುಮ್ಮನಾಯಿತು. ಎಂಜಿನ್ನು ಮೊದಲ ತಿರುವಿಗೇ ಹತ್ತಿಕೊಂಡಿತು. ಅವಳು ಗಾಡಿಯನ್ನು ಅಪ್ಪ ಕೂತಿದ್ದ ಬೆಂಚಿನ ಪಕ್ಕಕ್ಕೆ ತಂದು ನಿಲ್ಲಿಸಿದಳು. ಪಕ್ಕಕ್ಕೆ ಬಾಗಿ, ಕೈ ಚಾಚಿ, ಆ ಕಡೆಯ ಬಾಗಿಲನ್ನು ಒಳಗಿನಿಂದ ತೆರೆದಳು. ಎರಡನೆಯ ಬ್ರೇಕಿನ ಸೀಟು ಖಾಲಿಯಿತ್ತು. ಅಪ್ಪನ ಬೆನ್ನು ಒಂದು ಮೊಳ ದೂರದಲ್ಲಿತ್ತು. ಉದ್ದಣ್ಣ ಗೋಡೆಗೆ ಒರಗಿ ನಿಂತಿದ್ದ, ಅತ್ತೆ ಆರಿದ ಸ್ಟವ್ವಿನ ಮುಂದೆ ಕೈಕಟ್ಟಿ ಕೂತಿದ್ದಳು.

"ಅಪ್ಪಾ," ಎಂದಳು ಮೂಗಿ, ಬೀದಿಯ ಆ ತುದಿಗೂ ಕೇಳುವಷ್ಟು ಜೋರಾಗಿ. "ಬಂದು ಪಕ್ಕದಲ್ಲಿ ಕೂತ್ಕೊ. ಬ್ರೇಕ್ ಮಾತ್ರ ಮುಟ್ಟಬೇಡ."